ಶ್ರೀರಂಗಪಟ್ಟಣದ ಮೂಗು, ನಮ್ಮ ಮಂಡಿ

ಇವತ್ತಿನ ಮಾತು ರೆಕಾರ್ಡ್ ಮಾಡ್ತಿರೋದು ದಿಲ್ಲಿಯ ಮುಖರ್ಜಿ ನಗರದಿಂದ. ಯುಪಿಎಸ್‌ಸಿ ಹುಡುಗರ ಊರು ಇದು. ಇಲ್ಲಿನ ಜೆರಾಕ್ಸ್ ಅಂಗಡಿಗಳಲ್ಲಿ ಸಿಗೋ ನೋಟ್ಸ್‌ನಲ್ಲಿ ಮೂರನೇ ಮೈಸೂರು ಯುದ್ಧ ಅಂದ್ರೆ ಎರಡು ಸಾಲು. 1790ರಿಂದ 92, ಕಾರ್ನ್‌ವಾಲಿಸ್. ಶ್ರೀರಂಗಪಟ್ಟಣದ ಒಪ್ಪಂದ: ಅರ್ಧ ರಾಜ್ಯ ಹೋಯ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆ. ಆ ಸಾಲುಗಳಲ್ಲಿ ಜಾಗ ಸಿಗದ ಒಬ್ಬ ಎತ್ತು ಹೊಡೆಯೋನ ಮೂಗಿನಿಂದ ಶುರುಮಾಡಿ, ಗುರುಗ್ರಾಮ, ನೋಯ್ಡಾದಲ್ಲಿ ದಿನಕ್ಕೆ ಹತ್ತು ಗಂಟೆ ಕೂತಿರೋ ನಮ್ಮ ಮಂಡಿಯವರೆಗೆ ಬರೋಣ.

ಅವನ ಹೆಸರು ಕವಾಸ್ಜಿ. ಇಂಗ್ಲಿಷರ ಸೈನ್ಯದ ಎತ್ತುಗಳನ್ನ ಹೊಡೆಯೋ ಮರಾಠಿಗ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ, ಆಮೇಲೆ ಶ್ರೀರಂಗಪಟ್ಟಣದ ಹತ್ತಿರ ಬೊಂಬಾಯಿ ಸೈನ್ಯ ಸೇರಿಕೊಂಡ ಅಂತ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಅಚ್ಚಾದ ಪತ್ರ ಹೇಳುತ್ತೆ. ಬರೆದದ್ದು ಟಿಪ್ಪುವಿನ ಶತ್ರು ಪಾಳಯ, ಅದನ್ನ ನೆನಪಿಟ್ಟುಕೊಂಡೇ ಓದಬೇಕು. ಆದ್ರೆ ಆಪರೇಷನ್ ಬಗ್ಗೆ ಸುಳ್ಳು ಹೇಳಿ ಅವರಿಗೆ ಆಗಬೇಕಾದ ಲಾಭ ಏನೂ ಇರಲಿಲ್ಲ. ಯುರೋಪಿಗೆ ಗೊತ್ತಿಲ್ಲದ ವಿದ್ಯೆ ಅಂತ ಅವರೇ ಬರೆದುಕೊಂಡಿದ್ದಾರೆ.

ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಕವಾಸ್ಜಿಗೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹೊಸ ಮೂಗು ಕೊಟ್ಟ. ಬೊಂಬಾಯಿಯ ಇಬ್ಬರು ಇಂಗ್ಲಿಷ್ ಡಾಕ್ಟರು ಪಕ್ಕದಲ್ಲಿ ನಿಂತು ನೋಡಿದರು. ಮೊದಲು ಮೇಣದಲ್ಲಿ ಮೂಗಿನ ಅಳತೆ. ಅದನ್ನ ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಗೆರೆ ಎಳೆಯೋದು. ಗೆರೆಯುದ್ದಕ್ಕೂ ಚರ್ಮ ಬಿಡಿಸಿ ಕೆಳಕ್ಕೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸೋದು. ಮೇಲೆ ಕಾಚಿನ ಪಟ್ಟಿ. ಹೌದು, ಎಲೆಅಡಿಕೆಗೆ ಹಾಕೋ ಅದೇ ಕಾಚು! ಗುಟ್ಟು ಇರೋದು ಹುಬ್ಬುಗಳ ನಡುವೆ. ಅಲ್ಲಿ ಚರ್ಮದ ಒಂದು ಸಣ್ಣ ತೊಟ್ಟನ್ನ ಕತ್ತರಿಸದೆ ಬಿಡ್ತಿದ್ದರು. ಅದರೊಳಗೆ ರಕ್ತ ಹರಿಯುತ್ತೆ. ಸುಮಾರು 25ನೇ ದಿನ, ಚರ್ಮ ಹೊಸ ಜಾಗದಲ್ಲಿ ಬೇರುಬಿಟ್ಟ ಮೇಲೆ, ತೊಟ್ಟನ್ನ ಕತ್ತರಿಸೋದು. ಈ ಪತ್ರದ ಜಾಡು ಹಿಡಿದು ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದೇ ಆಪರೇಷನ್ ಮಾಡಿದ.

ಪುಣೆಯ ಆ ಕೈಚಳಕ ವಾಪಸ್ ತಂದದ್ದು ಮೂಗಿನ ಚರ್ಮವನ್ನ. ಮೂಗಿನ ತುದಿಯನ್ನ ನಿಲ್ಲಿಸೋದು ಒಳಗಿರೋ ಕಾರ್ಟಿಲೇಜ್, ಅಂದ್ರೆ ಶಾಲೆಯಲ್ಲಿ ಓದಿದ ಮೃದ್ವಸ್ಥಿ. ಅದು ಹಣೆಯಲ್ಲಿಲ್ಲ. ಆಸರೆಯಿಲ್ಲದ ಹೊಸ ಮೂಗು ಕಾಲ ಕಳೆದಂತೆ ಕುಗ್ಗೋದು ಮುಂದೆ ಯುರೋಪಿನ ಸರ್ಜನ್‌ಗಳಿಗೆ ದೊಡ್ಡ ತಲೆನೋವಾಯ್ತು. ಕೀಲಿನ ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಬರೋದಿಲ್ಲ ಅಂತ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ.

ಯಾಕೆ ಬರೋದಿಲ್ಲ? ಇದರ ಕೋಶದ ಹೆಸರು ಕಾಂಡ್ರೋಸೈಟ್. ಮುಖರ್ಜಿ ನಗರದ ಪಿಜಿ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಓದೋ ಹುಡುಗನ ಥರ, ಪ್ರತಿ ಕೋಶವೂ ತನ್ನ ಪುಟ್ಟ ಗೂಡಲ್ಲಿ ಬಂದಿ. ಕೀಲಿನ ಮೃದ್ವಸ್ಥಿಯ ಗಾತ್ರದಲ್ಲಿ ಕೋಶಗಳ ಪಾಲು ಶೇ. 2ರ ಆಸುಪಾಸು. ಉಳಿದದ್ದು ಅವು ತಮ್ಮ ಸುತ್ತ ಕಟ್ಟಿಕೊಂಡ ಜಾಲ: ಎರಡನೇ ಬಗೆಯ ಕೊಲಾಜೆನ್ ನಾರು, ನೀರು ಹಿಡಿದಿಡೋ ಆಗ್ರಿಕಾನ್, ಮತ್ತೆ ಬಹುಪಾಲು ನೀರೇ. ರಕ್ತನಾಳ ಇಲ್ಲ, ನರ ಇಲ್ಲ. ನಾವು ನಡೆದಾಗ ಸ್ಪಂಜಿನ ಹಾಗೆ ಒತ್ತಿ ಬಿಟ್ಟು, ಕೀಲಿನ ದ್ರವದಿಂದಲೇ ಊಟ.

ಚರ್ಮ ಕತ್ತರಿಸಿದರೆ ರಕ್ತ ಬರುತ್ತೆ, ಹೆಪ್ಪುಗಟ್ಟುತ್ತೆ, ರಿಪೇರಿ ಕೋಶಗಳು ಓಡಿಬರುತ್ತವೆ. ಇಲ್ಲಿ ರಕ್ತವೇ ಇಲ್ಲ, ಹಾಗಾಗಿ ಬರೋರೂ ಇಲ್ಲ. ಒಳಗಿನವರೋ ಗೂಡು ಬಿಟ್ಟು ಹೊರಡೋರಲ್ಲ. ಗಾಯ ಮೂಳೆವರೆಗೆ ಇಳಿದರೆ ಮಜ್ಜೆಯಿಂದ ಕೋಶಗಳು ಬಂದು ತೇಪೆ ಹಾಕುತ್ತವೆ, ನಿಜ. ಆದ್ರೆ ಅದು ಗಾಯದ ಕಲೆಯಂಥ ನಾರುಬಟ್ಟೆ, ಮೊದಲಿನ ನುಣುಪು ಹಾಸಲ್ಲ. ಮೂಳೆಗೆ ಸಣ್ಣ ತೂತು ಹಾಕಿ ಮಾಡೋ ಮೈಕ್ರೋಫ್ರಾಕ್ಚರ್ ಚಿಕಿತ್ಸೆಯ ಲಾಭ, ಮಿತಿ ಎರಡೂ ಇಷ್ಟೇ.

ಇಷ್ಟಾದರೂ ರಕ್ತ ಬೇಡದ ಈ ಬಡತನಕ್ಕೆ ಇನ್ನೊಂದು ಮುಖ ಇದೆ. ಮೃದ್ವಸ್ಥಿಯನ್ನ ಕಿತ್ತು ಬೇರೆ ಕಡೆ ನೆಟ್ಟರೂ ಬದುಕುತ್ತೆ. ಮೊದಲ ಮಹಾಯುದ್ಧದ ಹೊತ್ತಿಗೆ ಹೆರಾಲ್ಡ್ ಗಿಲ್ಲಿಸ್ ಸೈನಿಕರ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಹಣೆಯ ಚರ್ಮದಡಿ ಇಟ್ಟು ಮೂಗು ಕಟ್ಟಿದ. ಪುಣೆಯವನ ಚರ್ಮಕ್ಕೆ ಆಗ ಕಂಬ ಸಿಕ್ಕಿತು ಅನ್ನಬಹುದು.

ಮಂಡಿಯದ್ದು ಇನ್ನೂ ತಡ. ಕೋಶಗಳನ್ನ ಹೊರಗೆ ತೆಗೆದು ತಟ್ಟೆಯಲ್ಲಿ ಬೆಳೆಸಿದರೆ ಹೆಚ್ಚಾಗುತ್ತವೆ, ಆದರೆ ಚಪ್ಪಟೆಯಾಗಿ ತಮ್ಮ ಕಸುಬನ್ನೇ ಮರೆಯುತ್ತವೆ. ಮೆತ್ತನೆ ಜೆಲ್‌ನಲ್ಲಿ ದುಂಡಗೆ ಕೂರಿಸಿದರೆ ಕಸುಬು ನೆನಪಾಗುತ್ತೆ ಅಂತ 1982ರಲ್ಲಿ ತೋರಿಸಿದರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಬ್ರಿಟ್‌ಬರ್ಗ್, ಪೀಟರ್‌ಸನ್ ತಂಡ ರೋಗಿಯದೇ ಕೋಶ ಬೆಳೆಸಿ ಅವರ ಮಂಡಿಗೇ ಹಾಕಿ 1994ರಲ್ಲಿ 23 ಜನರ ಫಲಿತಾಂಶ ಪ್ರಕಟಿಸಿತು. ತೊಡೆಮೂಳೆಯ ತುದಿಯಲ್ಲಿ ಗಾಯವಿದ್ದ 16 ಜನರಲ್ಲಿ 14 ಮಂದಿಗೆ ಒಳ್ಳೆಯದಾಯ್ತು. ಮಂಡಿಚಿಪ್ಪಿನ 7 ಜನರಲ್ಲಿ ಇಬ್ಬರಿಗೆ ಮಾತ್ರ. ಈ ಎರಡನೇ ಲೆಕ್ಕವನ್ನ ಜಾಹೀರಾತುಗಳು ಹೇಳೋದಿಲ್ಲ.

2016ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ತಂಡ 10 ಜನರ ವರದಿ ಕೊಟ್ಟಿತು. ಕೋಶ ತೆಗೆದದ್ದು ಎಲ್ಲಿಂದ? ಮೂಗಿನ ನಡುಗೋಡೆಯಿಂದ! ಮೂಗಿನ ಕೋಶಗಳು ಚುರುಕಾಗಿ ಬೆಳೆಯುತ್ತವೆ, ಮಂಡಿಗೆ ಹಾಕಿದರೆ ಅಲ್ಲಿನ ರೀತಿಗೂ ಹೊಂದಿಕೊಳ್ಳುತ್ತವೆ.

ನಮ್ಮಲ್ಲೂ ರೋಗಿಯದೇ ಮೃದ್ವಸ್ಥಿ ಕೋಶ ಬೆಳೆಸಿ ಕೊಡೋ ಚಿಕಿತ್ಸೆ ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ತಯಾರಿಸಿದ ಮಂಡಿ ಇಂಜೆಕ್ಷನ್ ಬೇರೆ ಥರದ್ದು. ಅದರಲ್ಲಿರೋದು ದಾನಿಗಳ ಅಸ್ಥಿಮಜ್ಜೆಯ ಕೋಶ, ಕಾಂಡ್ರೋಸೈಟ್ ಅಲ್ಲ. ಹಾಗಾಗಿ ಊರಿನಿಂದ ಅಮ್ಮ ಫೋನ್ ಮಾಡಿ "ಯಾವುದೋ ಸೆಲ್ ಹಾಕ್ತಾರಂತೆ ಕಣೋ, ದುಡ್ಡು ಕಳಿಸ್ತೀಯಾ?" ಅಂತ ಕೇಳಿದರೆ, ಡಾಕ್ಟರ ಹತ್ತಿರ ಕೇಳಬೇಕಾದ್ದು ಎರಡು: ಯಾವ ಕೋಶ, ಎಲ್ಲಿಂದ ತಂದದ್ದು? ಮಂಡಿಯಲ್ಲಿರೋದು ಒಂದು ಕಡೆಯ ಗುಂಡಿಯೋ, ಪೂರ್ತಿ ಸವೆತವೋ? ಗೋಥೆನ್‌ಬರ್ಗ್‌ನ ದಾರಿ ಹುಟ್ಟಿದ್ದು ಹೆಚ್ಚಾಗಿ ಆಟದಲ್ಲೋ ಅಪಘಾತದಲ್ಲೋ ಪೆಟ್ಟಾದ ಕಡಿಮೆ ವಯಸ್ಸಿನವರ ಗುಂಡಿಗಳಿಗೆ. ಅರವತ್ತು ದಾಟಿ ಎರಡೂ ಬದಿ ಮೂಳೆಗೆ ಮೂಳೆ ಉಜ್ಜುತ್ತಿರೋ ಮಂಡಿಗೆ ಅದು ಹೇಳಿದ ಚಿಕಿತ್ಸೆಯಲ್ಲ.