ಹಡ್ಸನ್ ಸೀಲ್ ಅನ್ನೋ ಪ್ರಾಣಿಯೇ ಇಲ್ಲ: ಅಕ್ಕನ ಹಳೇ ಫರ್ ಕೋಟಿನ ವಯಸ್ಸು ಹುಡುಕಿದ ಕಥೆ

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಹಾಸಿಗೆಯಲ್ಲೇ ಬಿದ್ಕೊಂಡಿದ್ದೀರೋ, ಇಯರ್‌ಫೋನ್ ಸರಿಯಾಗಿ ಸಿಕ್ಕಿಸಿಕೊಳ್ಳಿ. ಇವತ್ತಿನ ಎಪಿಸೋಡ್ ಶುರುವಾಗೋದು ನ್ಯೂಜೆರ್ಸಿಯ ಒಂದು ಸೆಕೆಂಡ್ ಹ್ಯಾಂಡ್ ಬಟ್ಟೆ ಅಂಗಡಿಯಲ್ಲಿ.

ನಮ್ಮಕ್ಕ ಅಲ್ಲಿದ್ದಾಳೆ. ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ, ಮಂಡಿವರೆಗೆ ಬರುವ ಕಪ್ಪು ಕೋಟು ಹಾಕ್ಕೊಂಡು ಗಿರಗಿರ ತಿರುಗಿ ತೋರಿಸಿದಳು. "ತೊಂಬತ್ತು ಡಾಲರ್ ಕಣೋ. ಚೀಟಿಯಲ್ಲಿ ಸೀಲ್ ಚರ್ಮ, 1920ರ ದಶಕ ಅಂತ ಬರೆದಿದ್ದಾರೆ." ಪಕ್ಕದಲ್ಲಿ ಕೂತಿದ್ದ ಅಮ್ಮ ಫೋನ್ ಇಸ್ಕೊಂಡು ಕೇಳಿದ ಮೊದಲ ಪ್ರಶ್ನೆ, "ಅದು ಯಾವ ಪ್ರಾಣಿದೇ?" ಅಕ್ಕ ಮಾತು ಹಾರಿಸಿದಳು.

ಎರಡು ವಾರ ಬಿಟ್ಟು ಮತ್ತೆ ಫೋನ್. ಪರಿಚಯದ ಒಬ್ಬರು ಕೋಟು ನೋಡಿ, ನಿಜವಾಗ್ಲೂ ಇಪ್ಪತ್ತರ ದಶಕದ ಸೀಲ್ ಚರ್ಮ ಆದರೆ ಆರುನೂರು ಡಾಲರ್ ಕೊಡ್ತೀನಿ ಅಂದಿದ್ದಾರಂತೆ. "ಹೌದು ಅಂತ ಹೇಳಿಬಿಡ್ಲಾ?" ಅಂತ ಕೇಳಿದಳು. ಬಿಕಾಂ ಓದಿದವನ ತಲೆಗೆ ಮೊದಲು ಹೊಳೆದದ್ದು ಬಿಸಿನೆಸ್ ಲಾ ಪುಸ್ತಕದ ಹಳೇ ಪಾಠ: ಕೊಳ್ಳುವವನೇ ಎಚ್ಚರವಾಗಿರಬೇಕು. ಅಂಗಡಿಯವರು ಬರೆದ ಚೀಟಿಯನ್ನು ನಂಬಿ ಅಕ್ಕ ಕೊಂಡಳು. ಈಗ ಅಕ್ಕನ ಮಾತನ್ನು ನಂಬಿ ಇನ್ನೊಬ್ಬರು ಕೊಳ್ತಾರೆ. ಸರಪಳಿ ಹಾಗೇ ಸಾಗುತ್ತೆ. "ತಡಿ, ನೋಡೋಣ" ಅಂದೆ. ಆಮೇಲೆ ಎರಡು ಭಾನುವಾರ ಅದೇ ಕೆಲಸ ಆಯಿತು.

ಮೊದಲು ಅದು ನಿಜವಾದ ತುಪ್ಪಳವೋ ನೈಲಾನ್ ಥರದ್ದೋ ಅಂತ ನೋಡಬೇಕಿತ್ತು. ಇದು ಸುಲಭ. ಕೂದಲನ್ನು ಬಾಯಿಂದ ಊದಿ ಬೇರೆ ಮಾಡಿ. ಬುಡದಲ್ಲಿ ಚರ್ಮ ಕಂಡರೆ ನಿಜ, ನೇಯ್ದ ಬಟ್ಟೆ ಕಂಡರೆ ಕೃತಕ. ಇನ್ನೂ ಅನುಮಾನ ಇದ್ದರೆ ಉದುರಿದ ಎರಡು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದರೆ ಪ್ರಾಣಿದು, ಪ್ಲಾಸ್ಟಿಕ್ ಥರ ಕರಗಿ ಗಂಟಾದರೆ ಕಾರ್ಖಾನೆದು. ಅಕ್ಕನ ಅಡುಗೆಮನೆಯ ಸ್ಮೋಕ್ ಅಲಾರ್ಮ್ ಕೂಗಿಕೊಂಡಿತು, ಆದರೂ ಉತ್ತರ ಸಿಕ್ಕಿತು. ಪ್ರಾಣಿದೇ.

ಯಾವ ಪ್ರಾಣಿ ಅನ್ನೋದು ಮುಂದಿನ ಪ್ರಶ್ನೆ. ಇಲ್ಲಿಂದ ನಾನು ನಿಜಕ್ಕೂ ಇತಿಹಾಸದೊಳಗೆ ಬಿದ್ದೆ.

ಕೋಟಿನ ಒಳಗೆ ಕತ್ತಿನ ಹತ್ತಿರ ನೇಯ್ದ ಲೇಬಲ್ ಇತ್ತು. ಒಂದು ಅಂಗಡಿಯ ಹೆಸರು, ಕೆಳಗೆ "ನೆವಾರ್ಕ್ 2, ಎನ್.ಜೆ.", ಅದರ ಕೆಳಗೆ "ಹಡ್ಸನ್ ಸೀಲ್". ಅಂಗಡಿಯವರು ಸೀಲ್ ಅಂತ ಚೀಟಿ ಬರೆದದ್ದು ಇದನ್ನು ನೋಡಿಯೇ ಇರಬೇಕು. ವಿಷಯ ಏನಂದ್ರೆ, ಹಡ್ಸನ್ ಸೀಲ್ ಅನ್ನೋ ಪ್ರಾಣಿ ಪ್ರಪಂಚದಲ್ಲೇ ಇಲ್ಲ. ಅದು ಮಸ್ಕ್‌ರ್ಯಾಟ್. ಉತ್ತರ ಅಮೆರಿಕದ ಜೌಗು ನೆಲದಲ್ಲಿ, ಕೆರೆ ಹಳ್ಳಗಳ ಅಂಚಲ್ಲಿ ಬದುಕುವ, ಈಜಾಡುವ ದಂಶಕ. (ನಮ್ಮ ಕಡೆ ಇಂಗ್ಲಿಷಿನಲ್ಲಿ ಸುಂಡಿಲಿಯನ್ನೂ ಮಸ್ಕ್‌ರ್ಯಾಟ್ ಅಂತಾರೆ. ಅದಲ್ಲ ಇದು. ಗಾಬರಿ ಬೇಡ.) ಅದರ ಚರ್ಮದ ಮೇಲಿನ ಉದ್ದನೆಯ ಒರಟು ಕೂದಲನ್ನು ಕಿತ್ತು, ಒಳಗಿನ ಮೃದು ತುಪ್ಪಳವನ್ನು ಸಮನಾಗಿ ಕತ್ತರಿಸಿ, ಕಪ್ಪು ಬಣ್ಣ ಹಾಕಿದರೆ ಮುಟ್ಟಲಿಕ್ಕೆ, ನೋಡಲಿಕ್ಕೆ ಸೀಲ್ ಚರ್ಮದ ಹಾಗೇ ಆಗುತ್ತೆ.

ಯಾಕೆ ಹೀಗೆ ಮಾಡಿದರು? ನಿಜವಾದ ಸೀಲ್ ಮುಗಿಯುತ್ತಾ ಬಂದಿತ್ತು. ಫ್ಯಾಷನ್ನಿಗೆ ಬೇಕಾಗಿದ್ದದ್ದು ಅಲಾಸ್ಕಾದ ಪ್ರಿಬಿಲಾಫ್ ದ್ವೀಪಗಳಲ್ಲಿ ಮರಿ ಹಾಕುವ ಫರ್ ಸೀಲ್. 1867ರಲ್ಲಿ ಅಮೆರಿಕ ರಷ್ಯಾದಿಂದ ಅಲಾಸ್ಕಾವನ್ನು ಕೊಂಡಾಗ ಈ ದ್ವೀಪಗಳೂ ಜೊತೆಗೆ ಬಂದವು. ದಡದಲ್ಲಿ ಬೇಟೆ ಸಾಲದು ಅಂತ ಹಡಗುಗಳು ನಡುಸಮುದ್ರದಲ್ಲೇ ಸೀಲ್‌ಗಳನ್ನು ಹೊಡೆಯತೊಡಗಿದವು. ಆಹಾರ ಹುಡುಕಿ ಹೋದ ತಾಯಿ ಸತ್ತರೆ ದಡದಲ್ಲಿದ್ದ ಮರಿಯೂ ಹಸಿದು ಸಾಯುತ್ತಿತ್ತು. ಕೊನೆಗೆ 1911ರಲ್ಲಿ ಅಮೆರಿಕ, ಬ್ರಿಟನ್, ಜಪಾನ್, ರಷ್ಯಾ ಕೂತು ಒಪ್ಪಂದ ಮಾಡಿಕೊಂಡು ನಡುಸಮುದ್ರದ ಬೇಟೆ ನಿಲ್ಲಿಸಿದವು. ಕಾಡುಜೀವಿ ಉಳಿಸಲಿಕ್ಕೆ ದೇಶದೇಶಗಳು ಮಾಡಿಕೊಂಡ ಮೊದಮೊದಲ ಒಪ್ಪಂದಗಳಲ್ಲಿ ಇದೂ ಒಂದು. ಸೀಲ್ ಉಳಿಯಿತು. ಆದರೆ ಸೀಲ್ ಕೋಟಿನ ಆಸೆ ಕಡಿಮೆ ಆಗಲಿಲ್ಲ. ಆ ಆಸೆಯ ಬಿಲ್ ಕಟ್ಟಿದ್ದು ಮಸ್ಕ್‌ರ್ಯಾಟ್.

ಮೊಲ ಕೂಡ ಕಟ್ಟಿತು. ಬಣ್ಣ ಹಾಕಿದ ಮೊಲದ ಚರ್ಮಕ್ಕೆ "ಎಲೆಕ್ಟ್ರಿಕ್ ಸೀಲ್", "ಸೀಲೀನ್", "ಬೀವರೆಟ್" ಅಂತೆಲ್ಲ ಹೆಸರಿಟ್ಟು ಮಾರಿದರು. ಎಲೆಕ್ಟ್ರಿಕ್ ಸೀಲ್! ಇದಕ್ಕಿಂತ ಚೆಂದದ ಬ್ರಾಂಡಿಂಗ್ ನಮ್ಮ ಮಾರ್ಕೆಟಿಂಗ್ ಮೇಷ್ಟ್ರೂ ಕಲಿಸಲಿಲ್ಲ.

ಈ ಹೆಸರಿನಾಟಕ್ಕೆ ಕಡಿವಾಣ ಹಾಕಿದ್ದು ಕಾನೂನು. ಕೋಟಿನ ವಯಸ್ಸು ಹುಡುಕೋರಿಗೆ ಆ ಕಾನೂನೇ ಕ್ಯಾಲೆಂಡರ್. 1938ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಫರ್ ವ್ಯಾಪಾರಕ್ಕೆ ನಿಯಮ ತಂದು, ಶೋಕಿ ಹೆಸರಿನ ಜೊತೆ ಪ್ರಾಣಿಯ ನಿಜ ಹೆಸರನ್ನೂ ಹೇಳಬೇಕು ಅಂದಿತು. 1951ರಲ್ಲಿ ಸಂಸತ್ತೇ ಕಾಯಿದೆ ಮಾಡಿತು, 1952ರ ಆಗಸ್ಟಿನಿಂದ ಜಾರಿಗೆ ಬಂತು. ಆಮೇಲೆ ಲೇಬಲ್ಲಿನಲ್ಲಿ ಪ್ರಾಣಿ ಯಾವುದು, ಯಾವ ದೇಶದ್ದು, ಬಣ್ಣ ಹಾಕಿದ್ದಾ, ಪಂಜ-ಬಾಲ-ಹೊಟ್ಟೆಯ ತುಂಡುಗಳಿಂದ ಮಾಡಿದ್ದಾ, ಎಲ್ಲ ಬರೀಬೇಕಿತ್ತು. ನಿಮ್ಮ ಕೈಯಲ್ಲಿರುವ ಕೋಟಿನಲ್ಲಿ ಇಷ್ಟೂ ವಿವರ ಇದ್ದರೆ ಅದು 1952ರ ನಂತರದ್ದು. ಇಲ್ಲದಿದ್ದರೆ ಮುಂಚಿನದು ಅಂತ ಮಾತ್ರ ಹೇಳೋ ಹಾಗಿಲ್ಲ. ಎಷ್ಟೋ ಲೇಬಲ್‌ಗಳು ದಾರಕ್ಕೆ ಕಟ್ಟಿದ ಕಾಗದದ ಚೀಟಿ. ಮನೆಗೆ ಬಂದ ದಿನವೇ ಕಿತ್ತು ಬಿಸಾಕಿರುತ್ತಾರೆ. ಅಕ್ಕನ ಕೋಟಿನಲ್ಲಿ ಇಲ್ಲ ಅಂದ ಕೂಡಲೇ ನಾನು ಕುಣಿದಾಡಿದ್ದೆ. ತಪ್ಪು.

ಕೈ ಹಿಡಿದದ್ದು ಆ "2". ನೆವಾರ್ಕ್ ಪಕ್ಕದ ಒಂಟಿ ಅಂಕಿ. ಅಮೆರಿಕದಲ್ಲಿ ಈಗಿನ ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. ಅದಕ್ಕೂ ಮೊದಲು, 1943ರಿಂದ, ದೊಡ್ಡ ಊರುಗಳಿಗೆ ಒಂದೋ ಎರಡೋ ಅಂಕಿಯ ಅಂಚೆ ವಲಯ ಇತ್ತು. ಯುದ್ಧಕ್ಕೆ ಅಂಚೆ ಸಿಬ್ಬಂದಿ ಹೋಗಿ, ಹೊಸಬರಿಗೆ ಕಾಗದ ವಿಂಗಡಿಸೋದು ಕಷ್ಟ ಆದಾಗ ಮಾಡಿದ ಏರ್ಪಾಡು. ಊರಿನ ಹೆಸರಿನ ಪಕ್ಕ ಒಂಟಿ ಅಂಕಿ ಇದ್ದರೆ ಆ ಲೇಬಲ್ 1943ಕ್ಕೂ 1963ಕ್ಕೂ ನಡುವಿನದು. ಅಲ್ಲಿಗೆ 1920ರ ದಶಕ ಅನ್ನೋ ಮಾತು ಬಿದ್ದುಹೋಯಿತು ಅಂದುಕೊಂಡೆ.

ಅಕ್ಕ ಬಿಡಬೇಕಲ್ಲ. "ಲೇಬಲ್ ವಯಸ್ಸು ಅದು. ಕೋಟಿನ ವಯಸ್ಸು ಯಾಕಾಗಬೇಕು? ಅಮ್ಮನ ಮದುವೆ ಸೀರೆಗೆ ನಾನು ಹೋದ ವರ್ಷ ಫಾಲ್ ಹೊಲಿಸಲಿಲ್ವಾ?"

ಸರಿಯಾದ ಪ್ರಶ್ನೆ. ಫರ್ ಕೋಟಿನ ಒಳಗಿನ ಸ್ಯಾಟಿನ್ ಲೈನಿಂಗ್ ಚರ್ಮಕ್ಕಿಂತ ಬೇಗ ಸವೆಯುತ್ತೆ. ಅದನ್ನು ಬದಲಾಯಿಸೋದು ಮಾಮೂಲು. ಹೊಸ ಲೈನಿಂಗ್ ಹಾಕಿದ ಅಂಗಡಿ ತನ್ನ ಲೇಬಲ್ ಹೊಲಿಯುತ್ತೆ. ಲೈನಿಂಗಿನ ಕೆಳಅಂಚಿನಲ್ಲಿ ನಾಲ್ಕಾರು ಹೊಲಿಗೆ ಬಿಚ್ಚಿ ಫೋನಿನ ಟಾರ್ಚ್ ಹಾಕಿ ತೋರಿಸು ಅಂದೆ. ತೋರಿಸಿದಳು. ಹೊಲಿಗೆ ತೂತುಗಳು ಎರಡು ಸಾಲು. ಹಳೇ ಸಾಲಿನಲ್ಲಿ ಕಂದು ದಾರದ ಚೂರುಗಳು ಇನ್ನೂ ಸಿಕ್ಕಿಕೊಂಡಿದ್ದವು. ಈಗಿನ ಲೈನಿಂಗಿನ ದಾರ ಬೂದು. ಅಂದರೆ ಈ ಕೋಟು ಎರಡು ಸಲ ಹೊಲಿಗೆ ಕಂಡಿದೆ. ಅಕ್ಕ ಗೆದ್ದ ಮುಖ ಮಾಡಿದಳು.

ಅದೇ ಬಿಚ್ಚಿದ ಜಾಗದಲ್ಲಿ ಚರ್ಮದ ಹಿಂಬದಿಯೂ ಕಂಡಿತು. ಸೀಲ್ ದೊಡ್ಡ ಪ್ರಾಣಿ, ಅದರ ಚರ್ಮದ ತುಂಡುಗಳೂ ದೊಡ್ಡವು. ಇಲ್ಲಿ ಇದ್ದದ್ದು ಅಂಗೈಗಿಂತ ಸ್ವಲ್ಪ ದೊಡ್ಡ ತುಂಡುಗಳು, ಒಂದರ ಪಕ್ಕ ಒಂದು, ಕೌದಿಯ ಹಾಗೆ. ಬೆನ್ನಿನ ಭಾಗದಲ್ಲೇ ಎಣಿಸಿದಳು, ಇಪ್ಪತ್ತು ದಾಟಿದ ಮೇಲೆ ನಿಲ್ಲಿಸಿಬಿಟ್ಟಳು. ಒಂದು ತುಂಡಿನ ಮೇಲೆ ಮಾಸಿದ ಮುದ್ರೆ. ಕಂಡದ್ದು ಕೊನೆಯ ಅಕ್ಷರಗಳು ಮಾತ್ರ: "...ಲ್ಯಾಂಡರ್".

ಹಾಲ್ಯಾಂಡರ್. ಎ. ಹಾಲ್ಯಾಂಡರ್ ಅಂಡ್ ಸನ್, ನೆವಾರ್ಕಿನ ಫರ್ ಬಣ್ಣದ ಕಂಪನಿ. ಮಸ್ಕ್‌ರ್ಯಾಟನ್ನು ಹಡ್ಸನ್ ಸೀಲ್ ಮಾಡೋದರಲ್ಲಿ ಅದಕ್ಕೆ ದೊಡ್ಡ ಹೆಸರು. ಅಕ್ಕನ ಮನೆಯಿಂದ ಕಾರಲ್ಲಿ ಅರ್ಧ ಗಂಟೆ ದೂರದ ಊರಲ್ಲಿ ಈ ಚರ್ಮ ಕಪ್ಪಾಗಿತ್ತು.

ಆ ಕಪ್ಪಿನ ಬಗ್ಗೆ ಒಂದು ಮಾತು. ಫರ್‌ಗೆ ಕಪ್ಪು ಬಣ್ಣ ಕೊಡಲಿಕ್ಕೆ ಆಗ ಬಳಸುತ್ತಿದ್ದ ಮುಖ್ಯ ರಾಸಾಯನಿಕ ಪ್ಯಾರಾಫಿನೈಲಿನ್‌ಡೈಅಮೀನ್. ಬಣ್ಣದ ಕೆಲಸಗಾರರಿಗೆ ಇದರಿಂದ ಉಬ್ಬಸ, ಚರ್ಮದ ಉರಿ ಬರುತ್ತೆ ಅಂತ ವೈದ್ಯರು 1920ರ ದಶಕದಲ್ಲೇ ಬರೆದಿದ್ದಾರೆ. ಇವತ್ತು ನಮ್ಮೂರ ಅಂಗಡಿಗಳಲ್ಲಿ ಸಿಗುವ ಎಷ್ಟೋ ಕಪ್ಪು ಹೇರ್ ಡೈಗಳಲ್ಲಿ ಇರೋದೂ ಅದೇ. ಪ್ಯಾಕಿನ ಮೇಲೆ ಮೊದಲು ಚರ್ಮದ ಮೇಲೆ ಹಚ್ಚಿ ನೋಡಿ ಅಂತ ಬರೆದಿರುತ್ತಲ್ಲ, ಅದು ಸುಮ್ಮನೆ ಬರೆದದ್ದಲ್ಲ.

ಚರ್ಮ ಹೊಲಿಯುತ್ತಿದ್ದವರ ಕಥೆ ನದಿಯ ಆಚೆ ನ್ಯೂಯಾರ್ಕಿನದು. ಬಹುಪಾಲು ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿಗಳು, ಜೊತೆಗೆ ಗ್ರೀಕರು. 1926ರಲ್ಲಿ ಬೆನ್ ಗೋಲ್ಡ್ ನಾಯಕತ್ವದಲ್ಲಿ ಸುಮಾರು 12,000 ಫರ್ ಕಾರ್ಮಿಕರು 17 ವಾರ ಮುಷ್ಕರ ಮಾಡಿದರು. ಗೆದ್ದದ್ದು ವಾರಕ್ಕೆ ಐದು ದಿನ, 40 ಗಂಟೆ ಕೆಲಸ. ಇಡೀ ಅಮೆರಿಕದಲ್ಲಿ 40 ಗಂಟೆಯ ವಾರ ಕಾನೂನಾಗಿ ನೆಲೆಗೊಂಡದ್ದು ಇದಾಗಿ ಹದಿನಾಲ್ಕು ವರ್ಷಕ್ಕೆ. ನಿಮ್ಮ ಕಂಪನಿಯಲ್ಲಿ ಶನಿವಾರ ರಜೆ ಇದ್ದರೆ ಈ ಕೋಟಿಗೂ ನಿಮಗೂ ದೂರದ ನಂಟಿದೆ.

ಸರಿ, ವಯಸ್ಸು. ಲೇಬಲ್ ಬಿಟ್ಟರೆ ಉಳಿಯೋದು ಕಟ್. ಇಪ್ಪತ್ತರ ದಶಕದ ಕೋಟುಗಳು ಮೈಗೆ ಸುತ್ತಿಕೊಳ್ಳುವಂಥವು, ದೊಡ್ಡ ಶಾಲಿನಂಥ ಕಾಲರ್, ಭುಜ ಇಳಿಬಿದ್ದಿರುತ್ತೆ, ಸೊಂಟದ ಹತ್ತಿರ ಒಂದೇ ಗುಂಡಿ. ಮೂವತ್ತರ ದಶಕದ ಕೊನೆಗೆ ಭುಜ ಎದ್ದು ಅಗಲವಾಯಿತು, ನಲವತ್ತರಲ್ಲಿ ಪ್ಯಾಡ್ ಬಂದು ಚೌಕಾಕಾರವೇ ಆಯಿತು. ಐವತ್ತರಲ್ಲಿ ಭುಜ ಮತ್ತೆ ಇಳಿದು ಹಿಂಬದಿ ಕೊಡೆಯ ಹಾಗೆ ಅರಳಿತು, ತೋಳಿನ ತುದಿಯಲ್ಲಿ ಅಗಲವಾದ ಮಡಿಕೆ ಬಂತು. ಅಕ್ಕನ ಕೋಟಿಗೆ ಇರೋದು ಅಗಲ ಭುಜ. ಪ್ಯಾಡನ್ನು ಆಮೇಲೂ ಹಾಕಬಹುದು, ಆದರೆ ಚರ್ಮವನ್ನೇ ಆ ಅಗಲಕ್ಕೆ ಕತ್ತರಿಸಿದ್ದಾರೆ. ಅಲ್ಲಿ ಜೋಡಿಸಿದ ಹೊಸ ತುಂಡು ಒಂದೂ ಇಲ್ಲ. ಹಾಗಾಗಿ ನನ್ನ ತೀರ್ಪು: ಕೋಟು ಮೂವತ್ತರ ದಶಕದ ಕೊನೆ ಅಥವಾ ನಲವತ್ತರ ಶುರುವಿನದು, ಲೈನಿಂಗ್ 1943ರ ನಂತರದ್ದು.

ಲೈನಿಂಗ್ ಬದಲಾಯಿಸಿ ಹಳೇ ಕೋಟನ್ನೇ ಮುಂದುವರಿಸಿದ್ದರಲ್ಲೂ ಲೆಕ್ಕಾಚಾರ ಇದೆ. 1941ರಲ್ಲಿ ಅಮೆರಿಕ ಸರ್ಕಾರ ಫರ್, ಒಡವೆ, ಸೌಂದರ್ಯ ಸಾಮಗ್ರಿಗಳ ಮೇಲೆ ಶೇ. 10 ಯುದ್ಧಕಾಲದ ತೆರಿಗೆ ಹಾಕಿತು. 1944ರಲ್ಲಿ ಅದು ಶೇ. 20 ಆಯಿತು. ಯುದ್ಧ ಮುಗಿದರೂ ತೆರಿಗೆ ಹೋಗಲಿಲ್ಲ. 1954ರಲ್ಲಿ ಅರ್ಧಕ್ಕೆ ಇಳಿದು, 1965ರಲ್ಲಿ ರದ್ದಾಯಿತು. ಹೊಸ ಕೋಟಿನ ಬೆಲೆಯ ಮೇಲೆ ಐದನೇ ಒಂದು ಭಾಗ ತೆರಿಗೆ ಅಂದರೆ ನಮ್ಮಜ್ಜಿಯೂ ಲೈನಿಂಗ್ ಬದಲಾಯಿಸು ಅಂತಿದ್ದರು.

ನಿಮಗೆ ಸಿಕ್ಕಿದ ಕೋಟಿನಲ್ಲಿ ಚುಕ್ಕೆಗಳಿದ್ದರೆ ಮಾತ್ರ ವ್ಯವಹಾರವೇ ಬೇರೆ. 1962ರಲ್ಲಿ ಜಾಕಿ ಕೆನಡಿ ಚಿರತೆ ಚರ್ಮದ ಕೋಟು ಹಾಕಿದ ಮೇಲೆ ಅದರ ಹುಚ್ಚು ಹಬ್ಬಿತು. ಮೊಲದ ಚರ್ಮಕ್ಕೆ ಚುಕ್ಕೆ ಛಾಪಿಸಿ ಮಾರಿದ್ದೂ ಉಂಟು. ಈಗ ಚಿರತೆ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಗಡಿ ದಾಟಿಸಿದರೆ ಸಿಕ್ಕಿಬೀಳ್ತೀರಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಇದೆ. ಹುಲಿ, ಚಿರತೆಗಳಿಗೆ ಹುಲ್ಲು ತುಂಬಿಸೋದರಲ್ಲಿ ಪ್ರಪಂಚಕ್ಕೇ ಹೆಸರಾಗಿದ್ದ ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯ ಕೆಲಸ ಬತ್ತಿದ್ದೂ ಆ ಕಾಯಿದೆಯಿಂದಲೇ. ಅಕ್ಕನ ಮಸ್ಕ್‌ರ್ಯಾಟಿಗೆ ಇಂಥ ತಾಪತ್ರಯ ಇಲ್ಲ. ಅದೇ ನಿಜವಾದ ಸೀಲ್ ಆಗಿದ್ದರೆ ಊರಿಗೆ ತಂದು ವಾಪಸ್ ಒಯ್ಯೋದು ತಲೆನೋವಾಗ್ತಿತ್ತು. ಸೀಲ್, ತಿಮಿಂಗಿಲದಂಥ ಕಡಲಪ್ರಾಣಿಗಳಿಂದ ಮಾಡಿದ ವಸ್ತುಗಳ ಆಮದಿಗೆ ಅಮೆರಿಕ 1972ರಲ್ಲೇ ತಡೆ ಹಾಕಿದೆ.

ಎಲ್ಲ ಹೇಳಿ ಮುಗಿಸಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂದ್ರೆ ಆರುನೂರು ಹೋಯ್ತು" ಅಂದಳು. "ನೀನು ಬಾಯಿ ಮುಚ್ಚಿಕೊಂಡಿದ್ರೆ ಆಗ್ತಿತ್ತು" ಅಂತಲೂ ಅಂದಳು, ನಗ್ತಾ, ಆದರೆ ಪೂರ್ತಿ ನಗ್ತಾ ಅಲ್ಲ. ಆವತ್ತು ರಾತ್ರಿಯೇ ಆ ಪರಿಚಯದವರಿಗೆ ಮುದ್ರೆಯ ಫೋಟೊ, ಲೇಬಲ್ಲಿನ ಫೋಟೊ ಕಳಿಸಿ, ಇದು ಬಣ್ಣ ಹಾಕಿದ ಮಸ್ಕ್‌ರ್ಯಾಟ್, ನಲವತ್ತರ ಆಸುಪಾಸಿನದು ಅಂತ ಬರೆದಳು. ಎರಡು ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.

ಅಮ್ಮನಿಗೆ ಹೇಳೋ ಕೆಲಸ ನನ್ನ ಪಾಲಿಗೆ ಬಂತು. ನೀರಿಲಿ ಥರದ ಪ್ರಾಣಿ ಅಂದೆ. "ಎಷ್ಟು?" ಅಂದರು. ಬೆನ್ನಿನಲ್ಲೇ ಇಪ್ಪತ್ತರ ಮೇಲೆ, ಒಟ್ಟು ಎಣಿಸಲಿಲ್ಲ ಅಂದೆ. ಅಮ್ಮ ಹುಣಸೆಹಣ್ಣು ಬಿಡಿಸ್ತಾ ಇದ್ದವರು ಕೈ ನಿಲ್ಲಿಸಿ, "ಎಣಿಸಬೇಕಿತ್ತು" ಅಂದರು. ಅಕ್ಕ ಇನ್ನೂ ಎಣಿಸಿಲ್ಲ.

ಕೋಟು ಈಗ ಅವಳ ಬೀರುವಿನಲ್ಲಿದೆ. ಚರ್ಮ ಮೆತ್ತಗಿದೆ, ಮಡಿಸಿದರೆ ಒಣಗಿದ ಕಾಗದದ ಸದ್ದು ಬರೋದಿಲ್ಲ, ಅಂದರೆ ಇನ್ನೂ ಬಾಳುತ್ತೆ. ಪ್ಲಾಸ್ಟಿಕ್ ಕವರ್ ತೆಗೆದು ಹಳೇ ಹತ್ತಿ ಸೀರೆ ಹೊದಿಸು, ಹೀಟರಿನಿಂದ ದೂರ ಇಡು, ಅಗಲ ಭುಜದ ಹ್ಯಾಂಗರ್ ಹಾಕು ಅಂತ ಹೇಳಿದ್ದೀನಿ. ಬಿಚ್ಚಿದ ನಾಲ್ಕು ಹೊಲಿಗೆಯನ್ನು ಅವಳೇ ಕೈಯಲ್ಲಿ ಹಾಕಿದಳು, ಬೂದು ದಾರ ಸಿಗದೆ ಕೆಂಪು ದಾರದಲ್ಲಿ.