ಸರ್ಕಾರ ಮರಳಿತು, ಶಾಸಕರು ಮರಳಲಿಲ್ಲ: ಯೆಣೆಗೂರಿನ ಕಡೆಯಿಂದ 2024ರ ಮಹಾರಾಷ್ಟ್ರ ಚುನಾವಣೆ

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಯೆಣೆಗೂರ ಧಾರಾಶಿವ ಜಿಲ್ಲೆಯ ಉಮರ್ಗಾ ತಾಲ್ಲೂಕಿನ ಊರು. 2024ರ ನವೆಂಬರ್ 20ರಂದು ಮಹಾರಾಷ್ಟ್ರದ 288 ಕ್ಷೇತ್ರಗಳಲ್ಲಿ ಮತದಾನವಾಗಿ, 23ರಂದು ಎಣಿಕೆ ಮುಗಿದಾಗ ಆಳುತ್ತಿದ್ದ ಮಹಾಯುತಿಯೇ ಮರಳಿತು. ಭಾಜಪಕ್ಕೆ 132, ಏಕನಾಥ ಶಿಂದೆಯವರ ಶಿವಸೇನೆಗೆ 57, ಅಜಿತ್ ಪವಾರರ ಎನ್‌ಸಿಪಿಗೆ 41 ಸ್ಥಾನ. ಅದೇ ದಿನ ಉಮರ್ಗಾದಲ್ಲಿ ಆಳುವ ಪಕ್ಷದ ಶಾಸಕರು ಸೋತರು.

ಸೋತ ಜ್ಞಾನರಾಜ ಚೌಗುಲೆ 2009ರಿಂದ ಸತತ ಮೂರು ಸಲ ಗೆದ್ದವರು. ಶಿವಸೇನೆಯ 2022ರ ಬಂಡಾಯದಲ್ಲಿ ಶಿಂದೆಯವರ ಜೊತೆ ಹೋದರು. ಪಕ್ಷದ ಹಳೆಯ ಬಿಲ್ಲುಬಾಣದ ಗುರುತು ಅವರ ಬಳಿಯೇ ಇತ್ತು. ಆದರೂ ಉದ್ಧವ ಠಾಕ್ರೆ ಬಣದ ಪ್ರವೀಣ ಸ್ವಾಮಿ ಪಂಜಿನ ಗುರುತಿನ ಮೇಲೆ ಗೆದ್ದರು. ಅಂತರ ನಾಲ್ಕು ಸಾವಿರವನ್ನೂ ಮುಟ್ಟಲಿಲ್ಲ.

ಇದನ್ನು ರಾಜ್ಯದ ಅಲೆಗೆ ಎದುರು ಈಜಿದ ಕ್ಷೇತ್ರವೆಂದು ಬಣ್ಣಿಸುವುದು ಸುಲಭ. ನನಗೆ ಒಪ್ಪಿಗೆಯಿಲ್ಲ. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಉಸ್ಮಾನಾಬಾದ್ ಕ್ಷೇತ್ರದಿಂದ ಇದೇ ಪಂಜಿನ ಓಮರಾಜೆ ನಿಂಬಾಳಕರ 3 ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದಿದ್ದರು. ಆರು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ತಲಾ ಐವತ್ತು ಸಾವಿರ ದಾಟುತ್ತದೆ. ಸರಾಸರಿ ಒರಟು ಅಳತೆ, ನಿಜ. ಆದರೂ ಆರೇ ತಿಂಗಳಲ್ಲಿ ಎಷ್ಟು ನೀರು ಇಳಿಯಿತೆಂಬುದನ್ನು ಅದು ತೋರಿಸುತ್ತದೆ. ನಡುವೆ ಬಂದದ್ದು ‘ಲಾಡಕಿ ಬಹೀಣ’ ಯೋಜನೆ: ಜುಲೈನಿಂದ ಹೆಣ್ಣುಮಕ್ಕಳ ಖಾತೆಗೆ ತಿಂಗಳಿಗೆ 1500 ರೂಪಾಯಿ. ಸರ್ಕಾರವನ್ನು ಮರಳಿಸಿದ ಅಲೆ ಉಮರ್ಗಾಕ್ಕೂ ಬಂದಿತ್ತು, ದಡ ಹತ್ತಲಿಲ್ಲ ಅಷ್ಟೆ.

ನೆರೆಯ ಜಿಲ್ಲೆಯ ಉದಗೀರದಲ್ಲಿ ಅದು ದಡ ಮೀರಿ ಹರಿಯಿತು. ಅಜಿತ್ ಬಣದ ಆಗಿನ ಸಚಿವ ಸಂಜಯ ಬನಸೋಡೆ 90 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಸೋತ ಸುಧಾಕರ ಭಾಲೇರಾವ್ ಹಿಂದೆ ಎರಡು ಸಲ ಭಾಜಪದ ಶಾಸಕರಾಗಿದ್ದವರು, ಈ ಸಲ ಶರದ್ ಪವಾರರ ಅಭ್ಯರ್ಥಿ! ನಿಲಂಗಾದಲ್ಲಿ ಮಾಜಿ ಮುಖ್ಯಮಂತ್ರಿ ಶಿವಾಜಿರಾವ್ ಪಾಟೀಲ ನಿಲಂಗೇಕರರ ಮೊಮ್ಮಗ ಸಂಭಾಜಿ ಭಾಜಪದಿಂದ ಮತ್ತೆ ಗೆದ್ದರು.

ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ಅವೂ ಬೀದರದ ಜೊತೆಗೇ ಕರ್ನಾಟಕಕ್ಕೆ ಬಂದಿದ್ದರೆ ಇಲ್ಲಿಯ ಮತದಾರರು ಬೇರೆಯೇ ರೂಢಿಯ ರಾಜಕಾರಣ ಕಾಣುತ್ತಿದ್ದರು: ಕರ್ನಾಟಕದಲ್ಲಿ 1985ರ ರಾಮಕೃಷ್ಣ ಹೆಗಡೆಯವರ ನಂತರ ಆಳುವ ಪಕ್ಷವೊಂದು ಚುನಾವಣೆ ಗೆದ್ದು ಮರಳಿದ್ದೇ ಇಲ್ಲ.

ಈ ಗಡಿಸೀಮೆಯಲ್ಲಿ ಕನ್ನಡ ಮನೆಗಳೂ ಇವೆ; ಅವು ಯಾವ ಕಡೆ ವಾಲಿದವು? ಚುನಾವಣಾ ಆಯೋಗದ ಮತಗಟ್ಟೆವಾರು ಪಟ್ಟಿಯಲ್ಲಿ ಭಾಷೆಯ ಅಂಕಣವಿಲ್ಲ. ಆ ಪಟ್ಟಿಯನ್ನೂ ಜನಗಣತಿಯ ಮಾತೃಭಾಷಾ ಕೋಷ್ಟಕವನ್ನೂ ಎದುರುಬದುರು ಇಟ್ಟು, ಊರೂರು ತಿರುಗಿ ಕೇಳುವ ಕೆಲಸವನ್ನು ಕಲಬುರಗಿ, ಬೀದರಗಳ ಸಂಶೋಧಕರು ಕೈಗೆತ್ತಿಕೊಳ್ಳಬೇಕು.