ದೂರವಾಣಿಯ ತಂತಿಯಲ್ಲಿ ಮೀಟರಿನ ಲೆಕ್ಕ

ಬಾಗಿಲಲ್ಲಿ ನಿಂತು ‘ಮೀಟರು ನೋಡಬೇಕು’ ಎಂದು ಕೂಗುವ ಮನುಷ್ಯನನ್ನು ನಾವೆಲ್ಲರೂ ಬಲ್ಲೆವು. ಅಮೆರಿಕದ ಹಳೆಯ ನಗರಗಳಲ್ಲಿ ಅವನ ಪಾಡು ಇನ್ನೂ ಕಷ್ಟದ್ದು. ಅಲ್ಲಿ ನೀರಿನ ಮತ್ತು ಅನಿಲದ ಮೀಟರುಗಳು ಎಷ್ಟೋ ಮನೆಗಳಲ್ಲಿ ನೆಲಮಾಳಿಗೆಯೊಳಗಿದ್ದವು. ಮನೆಗೆ ಬೀಗವಿದ್ದರೆ ಬಿಲ್ಲನ್ನು ಅಂದಾಜಿನ ಮೇಲೆಯೇ ಬರೆಯಬೇಕು. ಆಮೇಲೆ ಗ್ರಾಹಕನ ದೂರು ಕೇಳಬೇಕು. ಮನೆಯೊಳಕ್ಕೆ ದೂರವಾಣಿಯ ತಂತಿಯೊಂದು ಹೇಗೂ ಹೋಗಿದೆಯಲ್ಲ, ಅದರ ಮೂಲಕವೇ ಮೀಟರನ್ನು ಓದಬಾರದೇಕೆ ಎಂಬ ಆಲೋಚನೆ ಹುಟ್ಟಿದ್ದು ಸಹಜವೇ.

1960ರ ದಶಕದಲ್ಲಿ ಎ.ಟಿ.ಅಂಡ್.ಟಿ. ಸಂಸ್ಥೆಯು ವೆಸ್ಟಿಂಗ್‌ಹೌಸ್ ಮತ್ತು ಕೆಲವು ವಿತರಣಾ ಕಂಪನಿಗಳೊಡನೆ ಸೇರಿ ಇದನ್ನು ಪ್ರಯೋಗಿಸಿ ನೋಡಿತು. ಪ್ರಯೋಗ ಗೆದ್ದಿತು, ಸೋತದ್ದು ಲೆಕ್ಕಾಚಾರ. ದೂರವಾಣಿ ಸಂಸ್ಥೆ ಮೀಟರೊಂದಕ್ಕೆ ಕೇಳಿದ ಬೆಲೆ 2 ಡಾಲರು. ಮನುಷ್ಯನೊಬ್ಬ ನಡೆದುಹೋಗಿ ಓದಿ ಬರಲು ತಿಂಗಳಿಗೆ ತಗಲುತ್ತಿದ್ದುದು 50 ಸೆಂಟು. ಯಂತ್ರವು ಮನುಷ್ಯನ ಕಾಲ್ನಡಿಗೆಯ ಮುಂದೆ ನಾಲ್ಕು ಪಟ್ಟು ದುಬಾರಿಯಾಗಿ ಹಿಂದೆ ಸರಿಯಿತು. ಇಂಥ ಸೋಲುಗಳನ್ನು ವಿಜ್ಞಾನದ ಚರಿತ್ರೆಗಳು ಸಾಮಾನ್ಯವಾಗಿ ಬರೆದಿಡುವುದಿಲ್ಲ.

ಇದರ ಕ್ರಮ ಸರಳ. ಮೀಟರಿನ ಚಕ್ರ ಸುತ್ತಿದಂತೆಲ್ಲ ಒಂದೊಂದು ವಿದ್ಯುತ್ ಮಿಡಿತ ಹೊರಡುವಂತೆ ಮಾಡಿ, ಅವನ್ನು ಎಣಿಸಿ ಕೂಡಿಡುವ ಸಣ್ಣ ಪೆಟ್ಟಿಗೆಯೊಂದನ್ನು ತಂತಿಗೆ ಜೋಡಿಸುವುದು. ಒಂದು ಪದ್ಧತಿಯಲ್ಲಿ ಕಚೇರಿಯೇ ವಿನಿಮಯ ಕೇಂದ್ರದ ಮೂಲಕ, ಗಂಟೆ ಬಾರಿಸದಂತೆ, ಮನೆಯ ತಂತಿಯನ್ನು ಹಿಡಿಯುತ್ತಿತ್ತು. ಇನ್ನೊಂದರಲ್ಲಿ ಪೆಟ್ಟಿಗೆಯೇ ನಡುರಾತ್ರಿ ಕಚೇರಿಗೆ ಕರೆಮಾಡಿ ಅಂಕಿಯನ್ನು ಒಪ್ಪಿಸುತ್ತಿತ್ತು; ಮನೆಯವರು ಆಗ ಫೋನೆತ್ತಿದರೆ ಸುಮ್ಮನೆ ದಾರಿಬಿಟ್ಟು ಮತ್ತೆ ಕಾಯುತ್ತಿತ್ತು. ತಂತಿಗೆ ಬಾಡಿಗೆ ಕೊಡುವವನು ಮಲಗಿರುವಾಗ ಅದು ಬೇರೊಬ್ಬರ ಕೆಲಸ ಮಾಡುತ್ತಿತ್ತೆಂಬುದನ್ನು ಮರೆಯಬಾರದು. ಫೋನಿಲ್ಲದ ಬಡವರ ಮನೆಗಂತೂ ಮನುಷ್ಯನೇ ಹೋಗಬೇಕಾಗಿತ್ತು.

ಈ ವಿದ್ಯೆಯನ್ನು ಮಾರುಕಟ್ಟೆಗೆ ತಂದವರು ಗ್ರೀಸಿನಿಂದ ಬಂದ ಥಿಯೋಡರ್ ಪರಾಸ್ಕೆವಾಕೋಸ್. ಕರೆಮಾಡಿದವರ ಸಂಖ್ಯೆಯನ್ನು ಕರೆಸಿಕೊಂಡವರಿಗೆ ತಿಳಿಸುವ ಬಗೆಯನ್ನು ಅವರು 1968ರಲ್ಲಿ ಅಥೆನ್ಸಿನಲ್ಲಿದ್ದಾಗಲೇ ಶೋಧಿಸತೊಡಗಿದ್ದರು. ಮನೆಯ ಫೋನಿಗೆ ಅಂಕಿ ಮುಟ್ಟಿಸಬಹುದಾದರೆ, ಮನೆಯಿಂದ ಅಂಕಿಯನ್ನು ತರಿಸಿಕೊಳ್ಳುವುದೂ ಸಾಧ್ಯವೇ ತಾನೆ? 1977ರಲ್ಲಿ ಫ್ಲಾರಿಡಾದ ಮೆಲ್ಬರ್ನಿನಲ್ಲಿ ಮೆಟ್ರಿಟೆಕ್ ಎಂಬ ಸಂಸ್ಥೆಯನ್ನು ತೆರೆದು, ಮರುವರ್ಷವೇ ಐ.ಬಿ.ಎಂ. ಸೀರೀಸ್-1 ಎಂಬ ಕಿರುಗಣಕದ ನೆರವಿನಿಂದ ಪೂರ್ಣ ಸ್ವಯಂಚಾಲಿತ ವ್ಯವಸ್ಥೆಯನ್ನು ಸಿದ್ಧಪಡಿಸಿದರು.

ದೊಡ್ಡ ಪ್ರಮಾಣದ ಯೋಜನೆಗಳು ಆರಂಭವಾದದ್ದು 1985ರಲ್ಲಿ. ಅಷ್ಟರಲ್ಲಿ ಪ್ರತಿಸ್ಪರ್ಧಿಯೊಂದು ತಲೆಯೆತ್ತಿತ್ತು. 1986ರಲ್ಲಿ ಮಿನೆಗ್ಯಾಸ್ಕೋ ಎಂಬ ಅನಿಲ ಕಂಪನಿ ಸುಮಾರು 4,50,000 ಮೀಟರುಗಳಿಗೆ ರೇಡಿಯೋ ವ್ಯವಸ್ಥೆಯನ್ನು ಅಳವಡಿಸಲು ಹೊರಟಿತು. ಮನೆಯವರ ಫೋನಿನ ಹಂಗು ಅದಕ್ಕಿರಲಿಲ್ಲ. ಮೀಟರು ಓದುವವನ ಕೆಲಸವನ್ನು ಅದು ಒಮ್ಮೆಗೇ ಕಿತ್ತುಕೊಳ್ಳಲೂ ಇಲ್ಲ. ರೇಡಿಯೋ ಮೀಟರುಗಳು ಬಂದ ಎಷ್ಟೋ ಊರುಗಳಲ್ಲಿ ಆತ ಅದೇ ಬೀದಿಗಳಲ್ಲಿ, ಪಕ್ಕದಲ್ಲೊಂದು ಗ್ರಾಹಕಯಂತ್ರವನ್ನಿಟ್ಟುಕೊಂಡು, ಯಾರ ಬಾಗಿಲನ್ನೂ ತಟ್ಟದೆ, ಮೆಲ್ಲಗೆ ವ್ಯಾನು ಓಡಿಸುತ್ತಿದ್ದ.